ಹೂಂ ಅಂದವರು ಎಷ್ಟು ಮಂದಿ?



ಕಳೆದ ಸಂಚಿಕೆಯ ಶೇಂಗಾ ಹೋಳಿಗೆ ಮಾಡಿ ನೋಡಿ ಕಾಗದ ಬರೆದವರಿಗೆಲ್ಲ ನಮಸ್ಕಾರ. ಹೂರಣ ಉದುರುದುರಾಗಿ, ಲಟ್ಟಿಸುವಾಗ ಹೊರಗೆ ಬರುತ್ತದೆ ಎಂದು ಅಥಣಿಯ ಸೋದರಿಯೊಬ್ಬರು ಬರೆದಿದ್ದಾರೆ. ಹುರಿದ ಶೇಂಗಾ ಇನ್ನೂ ಬೆಚ್ಚಗಿರುವಾಗಲೇ ಬೆಲ್ಲದ ಜೊತೆ ಕುಟ್ಟಿ, ಎರಡು ಚಮಚ ಬಿಸಿನೀರು ಚಿಮುಕಿಸಿ ಉಂಡೆ ಕಟ್ಟಿ ನೋಡಿರಿ, ಸರಿಹೋಗುತ್ತದೆ.

ಈ ಸಲ ಅಡಿಗೆಮನೆಯಿಂದ ತುಸು ದೂರ ಹೋಗೋಣ. ಎಷ್ಟು ದೂರ ಎಂದರೆ ದಿಲ್ಲಿಗೆ. ಹೆದರಬೇಡಿರಿ, ರಾಜಕೀಯ ಭಾಷಣ ಮಾಡುವಷ್ಟು ಓದಿದವಳು ನಾನಲ್ಲ. ಮ್ಯಾಟ್ರಿಕ್ಕಿಗೇ ನನ್ನ ಶಾಲೆ ಮುಗಿಯಿತು. ಆದರೆ ನಮ್ಮ ಓಣಿಯಲ್ಲಿ ನನ್ನ ಕೈಯಿಂದಲೇ ಒಂದು ತಪ್ಪಾಯಿತು. ಅದನ್ನು ಯೋಚಿಸುತ್ತ ಕುಳಿತಾಗ ದಿಲ್ಲಿಯ ಪಾರ್ಲಿಮೆಂಟೂ ಸ್ವಲ್ಪ ಅರ್ಥವಾಯಿತು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಒಂದು ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಟಿ.ವಿ. ಹಚ್ಚಿತ್ತು. ಲೋಕಸಭೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಗದ್ದಲ. ನಮ್ಮ ಅತ್ತೆಯವರು ಅಲ್ಲಿಂದಲೇ ಕೂಗಿದರು.

"ಇವರಿಗೇನ ಆಗೇತವಾ? ಸಂತ್ಯಾಗ ಬದ್ನಿಕಾಯಿ ಮಾರಾವರಂಗ ಒದರಾಕತ್ತಾರಲ್ಲ. ಇದಕ್ಕ ಪಗಾರ ಕೊಡ್ತಾರೇನ?"

"ಕೊಡ್ತಾರ್ರೀ ಅತ್ತಿ."

"ಯಾರ ರೊಕ್ಕ?"

"ನಮ್ಮದs ರೀ."

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಹಂಗಾರ ಬಂದ್ ಮಾಡಬ್ಯಾಡ, ನೋಡೂಣು."

ನಾನು ನಕ್ಕೆ. ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಏಕೆಂದರೆ ಅದೇ ವಾರ ನಮ್ಮ ಮಹಿಳಾ ಸಂಘದಲ್ಲಿ ಒದರಾಟವಿಲ್ಲದೆಯೇ ಒಂದು ಅನ್ಯಾಯ ಬೆಳಕಿಗೆ ಬಂದಿತ್ತು.

ನಮ್ಮದು ಇಪ್ಪತ್ತು ಹೆಂಗಸರ ಸಂಘ. ಠರಾವಿನ ವಹಿ ಬರೆಯುವವಳು ನಾನು. ದೀಪಾವಳಿಯ ಮುಂಚಿನ ದಿನ ಸಭೆ ಕರೆದಿದ್ದೆವು. ಬಂದವರು ಹನ್ನೊಂದು ಜನ. ಎಲ್ಲರಿಗೂ ಮನೆಗೆ ಹೋಗಿ ಕರ್ಚಿಕಾಯಿ ಕರಿಯುವ ಅವಸರ. ಎರಡು ಸಭೆ ತಪ್ಪಿಸಿದವರಿಗೆ ಆ ವರ್ಷ ಸಾಲದ ಪಾಳಿ ಇಲ್ಲ ಎಂದು ಒಬ್ಬರು ಠರಾವು ಹೇಳಿದರು. "ಹೂಂ ಹೂಂ, ಬರಕೊಳ್ರಿ ವೈನಿ" ಎಂದು ಎದ್ದೇಬಿಟ್ಟರು. "ಸರ್ವಾನುಮತದಿಂದ ಪಾಸಾಯಿತು" ಎಂದು ಬರೆದು ನಾನೂ ವಹಿ ಮುಚ್ಚಿದೆ.

ಬರದೇ ಇದ್ದ ಒಂಬತ್ತು ಜನರಲ್ಲಿ ಒಬ್ಬಳು ನಮ್ಮ ಹಿಂದಿನ ಸಾಲಿನ ಮನೆಯವಳು. ಅವಳು ಏಕೆ ಬಂದಿರಲಿಲ್ಲ ಎಂದರೆ ಮೀರಜದ ದವಾಖಾನೆಯಲ್ಲಿ ಅತ್ತೆಯ ಹತ್ತಿರ ಕುಳಿತಿದ್ದಳು. ಹಿಂದಿನ ತಿಂಗಳೂ ಹಾಗೆಯೇ. ಅವಳ ಮಗಳಿಗೆ ನರ್ಸಿಂಗಿಗೆ ಸೀಟು ಸಿಕ್ಕಿತ್ತು, ಸಂಘದ ಸಾಲದ ಮೇಲೆ ಭರವಸೆ ಇಟ್ಟಿದ್ದಳು. ಪಾಳಿ ಹೋಯಿತು ಎಂದು ಹೇಳಿದಾಗ ಜಗಳ ತೆಗೆಯಲಿಲ್ಲ. "ಯಾರ ಹೇಳಿದ್ರಿ ವೈನಿ, ಯಾವಾಗ ಆತು?" ಎಂದು ಮಾತ್ರ ಕೇಳಿದಳು. ವಹಿ ತೋರಿಸಿದೆ. ಸರ್ವಾನುಮತ ಎಂಬ ಶಬ್ದದ ಮೇಲೆ ಬೆರಳಿಟ್ಟು, "ಇದರಾಗ ಹೂಂ ಅಂದವರು ಎಷ್ಟ ಮಂದಿ?" ಎಂದಳು. ನನಗೆ ಉತ್ತರ ಇರಲಿಲ್ಲ. ಮರುದಿನ ಅವಳು ತನ್ನ ಬೋರಮಾಳ ಒತ್ತೆ ಇಟ್ಟು ಫೀ ಕಟ್ಟಿ ಬಂದಳು.

ಸೋದರಿಯರೆ, ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದಿಲ್ಲಿಯ ಸಭೆಯಲ್ಲಿ ಕಾನೂನು ಹೇಗೆ ಪಾಸಾಗುತ್ತದೆ ಎಂದು ಮಕ್ಕಳ ಮೊಬೈಲಿನಲ್ಲಿ, ಗ್ರಂಥಾಲಯದ ಪುಸ್ತಕದಲ್ಲಿ ನೋಡುತ್ತ ಹೋದೆ.

ಅಲ್ಲಿಯೂ ಬಹಳ ಸಲ ನಡೆಯುವುದು ಇದೇ. "ಒಪ್ಪುವವರು ಹೌದೆನ್ನಿ, ಒಪ್ಪದವರು ಇಲ್ಲವೆನ್ನಿ" ಎಂದು ಸಭಾಪತಿ ಸ್ಥಾನದಲ್ಲಿದ್ದವರು ಕೇಳುತ್ತಾರೆ. ಯಾವ ಕೂಗು ದೊಡ್ಡದೋ ಅದು ಗೆದ್ದಿತು. ಇದಕ್ಕೆ ಧ್ವನಿಮತ ಎನ್ನುತ್ತಾರೆ. ಯಾರಾದರೂ ಸದಸ್ಯರು ಎಣಿಸಿರಿ ಎಂದು ಕೇಳಿದರೆ ಆಗ ಹೆಸರು ಹಿಡಿದು ಎಣಿಕೆ ಆಗಬೇಕು ಎಂಬುದು ಪದ್ಧತಿ. 2020ರ ಸೆಪ್ಟೆಂಬರ್ 20ರಂದು ರೈತರ ಮಾರಾಟದ ಕಾನೂನುಗಳು ರಾಜ್ಯಸಭೆಗೆ ಬಂದವು. ವಿರೋಧ ಪಕ್ಷದವರು ಎಣಿಸಿರಿ ಎಂದರು, ಗದ್ದಲದಲ್ಲಿ ಎಣಿಕೆ ಆಗಲಿಲ್ಲ, ಧ್ವನಿಮತದಿಂದಲೇ ಪಾಸಾಯಿತು. ಮುಂದೆ ಒಂದು ವರ್ಷ ದಿಲ್ಲಿಯ ಗಡಿಯಲ್ಲಿ ರೈತರು ಚಳಿ ಮಳೆ ಎನ್ನದೆ ಕುಳಿತದ್ದು ನಿಮಗೆಲ್ಲ ಗೊತ್ತು. ಕೊನೆಗೆ 2021ರ ನವೆಂಬರ್ 29ರಂದು ಆ ಕಾನೂನುಗಳನ್ನು ತೆಗೆದು ಹಾಕಿದರು. ಅದೂ ಹೇಗೆ? ಒಂದೇ ದಿನ, ಎರಡೂ ಸಭೆಗಳಲ್ಲಿ, ಚರ್ಚೆ ಇಲ್ಲದೆ! ತರುವಾಗಲೂ ಅವಸರ, ತೆಗೆಯುವಾಗಲೂ ಅವಸರ. ಕಾನೂನು ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಎಂಬುದು ಬೇರೆ ಮಾತು. ಕುಳಿತು ಮಾತಾಡಿ ಒಪ್ಪಿಸಿದ್ದರೆ ಒಂದೋ ಅದು ಉಳಿಯುತ್ತಿತ್ತು, ಇಲ್ಲವೋ ಬರುತ್ತಲೇ ಇರಲಿಲ್ಲ.

ಸಭೆಯೊಳಗೆ ಕೇಳದ ಮಾತು ಹೆದ್ದಾರಿಗೆ ಬರುತ್ತದೆ ಎಂಬುದು ನಮ್ಮ ಭಾಗದವರಿಗೆ ಹೊಸದೂ ಅಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಪುಣೆ-ಬೆಂಗಳೂರು ರಸ್ತೆಯ ಮೇಲೆ ಕುಳಿತರು, ಗೋಲಿಬಾರಿನಲ್ಲಿ ರೈತರು ಸತ್ತರು. ನನ್ನ ತವರು ನಿಪ್ಪಾಣಿ. ಆ ಕಥೆ ಹೇಳುವಾಗ ನಮ್ಮ ಅವ್ವ ಇವತ್ತಿಗೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ.

ತವರಿನ ಮಾತು ಬಂತೆಂದು ಇನ್ನೊಂದು ಹೇಳುತ್ತೇನೆ. ನನ್ನ ಮಾವಶಿ ನಲವತ್ತು ವರ್ಷ ಮನೆಯಲ್ಲಿ ಕುಳಿತು ಬೀಡಿ ಕಟ್ಟಿದವಳು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ತಂಬಾಕು, ಪಕ್ಕದಲ್ಲಿ ತೊಟ್ಟಿಲು. ಮನೆಯಲ್ಲಿ ಕುಳಿತು ಕಟ್ಟುವ ಹೆಂಗಸೂ ಕಾರ್ಮಿಕಳೇ ಎಂದು ಒಪ್ಪಿದ್ದು 1966ರಲ್ಲಿ ಪಾರ್ಲಿಮೆಂಟು ಮಾಡಿದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು. 1976ರಲ್ಲಿ ಕಲ್ಯಾಣ ನಿಧಿಯ ಕಾನೂನು ಬಂತು. ಬೀಡಿಯ ಮೇಲೆ ಹಾಕಿದ ಸೆಸ್ಸಿನ ಹಣದಿಂದ ದವಾಖಾನೆ, ಮಕ್ಕಳಿಗೆ ವಿದ್ಯಾರ್ಥಿವೇತನ. ಮಾವಶಿಯ ಮಗ ಓದಿದ್ದು ಆ ವೇತನದ ಮೇಲೆಯೇ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸು ನಿಂತಿತು. ಆಮೇಲೆ ಕಾರ್ಮಿಕರ 29 ಕಾನೂನುಗಳನ್ನು ಸೇರಿಸಿ 4 ಸಂಹಿತೆ ಮಾಡಿದರು. ಆ 29ರಲ್ಲಿ ಮಾವಶಿಯ 1966ರ ಕಾನೂನೂ ಒಂದು. 2020ರ ಸೆಪ್ಟೆಂಬರ್ 22 ಮತ್ತು 23, ಈ ಎರಡು ದಿನಗಳಲ್ಲಿ ಮೂರು ಸಂಹಿತೆಗಳು ಎರಡೂ ಸಭೆಗಳನ್ನು ದಾಟಿದವು. ವಿರೋಧ ಪಕ್ಷದವರು ಬಹಿಷ್ಕಾರ ಹಾಕಿ ಹೊರಗೆ ಇದ್ದರು. ಕೊರೋನಾ ಕಾಲವೆಂದು ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯೂ ಇರಲಿಲ್ಲ. ಮೊದಲಿನ ಕರಡು ಸಮಿತಿಯ ಮುಂದೆ ಹೋಗಿ ಬಂದಿತ್ತು ಎಂಬುದನ್ನೂ ಹೇಳಬೇಕು, ಸುಳ್ಳು ಹೇಳಬಾರದು. ಆದರೆ ಕೊನೆಯ ದಿನ ಎದುರಿನ ಬೆಂಚು ಖಾಲಿ ಇತ್ತು. ಹೊರಗೆ ಹೋದವರದೂ ತಪ್ಪು, ಅವರಿಲ್ಲದೆ ಮುಗಿಸಿದವರದೂ ತಪ್ಪು. ಆ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು.

ಮಾವಶಿ ಫೋನಿನಲ್ಲಿ ಕೇಳಿದಳು, "ನನ್ನ ಹಳೇ ಕಾರ್ಡ ನಡೀತೈತೋ, ಹೊಸಾದು ಮಾಡಸಬೇಕೋ? ಯಾರನ್ನ ಕೇಳಲೇ?" ಹತ್ತಾರು ಸಾವಿರ ಹೆಂಗಸರ ಹೊಟ್ಟೆಯ ಪ್ರಶ್ನೆ ಇದು. ಇದನ್ನು ಕೇಳಲಿಕ್ಕೇ ಅಲ್ಲವೆ ನಾವು ಒಬ್ಬರನ್ನು ದಿಲ್ಲಿಗೆ ಕಳಿಸುವುದು?

ಹಾಗಾದರೆ ಆ ಸಭೆ ಸರಿಯಾಗಿ ನಡೆಯಬೇಕಾದರೆ ಏನು ಮಾಡಬೇಕು? ತಿಳಿದವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಸಭೆ ಸೇರುವ ದಿನ ಹೆಚ್ಚಬೇಕು. 1952ರಲ್ಲಿ ಶುರುವಾದ ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಸೇರುತ್ತಿತ್ತು. 2019ರಿಂದ 2024ರ ವರೆಗಿನದು ಸುಮಾರು 55 ದಿನ. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆಯ ಆಯೋಗವು, ಲೋಕಸಭೆ ಕನಿಷ್ಠ 120 ದಿನ, ರಾಜ್ಯಸಭೆ 100 ದಿನ ಸೇರಲೇಬೇಕು ಎಂದು 2002ರಲ್ಲಿಯೇ ಹೇಳಿತು. ಬರೀ ಕಾನೂನು ಮಾಡಿದರೆ ಸಾಲದು ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಉಂಟು. ನಮ್ಮ ವಿಧಾನಸಭೆ ವರ್ಷಕ್ಕೆ 60 ದಿನ ಸೇರಬೇಕೆಂದು 2005ರಲ್ಲಿ ಕಾನೂನಾಗಿದೆ, ಆದರೂ ಬಹಳ ವರ್ಷ ಅಷ್ಟು ದಿನ ಸೇರಿದ್ದೇ ಇಲ್ಲ. 2012ರಲ್ಲಿ ಬೆಳಗಾವಿಯಲ್ಲಿ ಅಷ್ಟು ದೊಡ್ಡ ಸುವರ್ಣ ವಿಧಾನಸೌಧ ಕಟ್ಟಿ ತೆರೆದರು. ಚಳಿಗಾಲದ ಕೆಲವು ದಿನ ಬಿಟ್ಟರೆ ಅಲ್ಲಿ ಸದನದ ಸದ್ದಿಲ್ಲ. ಮದುವೆಗೆಂದು ತಂದ ದೊಡ್ಡ ಹಂಡೆಯನ್ನು ಅಟ್ಟದ ಮೇಲೆ ಇಟ್ಟ ಹಾಗೆ.

ಎರಡನೆಯದು, ಪ್ರತಿಯೊಂದು ಮಸೂದೆಯೂ ಸಮಿತಿಯ ಮುಂದೆ ಹೋಗಬೇಕು. ಪಾರ್ಲಿಮೆಂಟಿನಲ್ಲಿ ಇಲಾಖೆಗಳ ಕೆಲಸ ನೋಡುವ 24 ಸ್ಥಾಯಿ ಸಮಿತಿಗಳಿವೆ. ಒಂದೊಂದರಲ್ಲಿ 31 ಜನ, ಎಲ್ಲ ಪಕ್ಷದವರೂ ಇರುತ್ತಾರೆ. ಅಲ್ಲಿ ಟಿ.ವಿ. ಕ್ಯಾಮೆರಾ ಇಲ್ಲ, ಆದ್ದರಿಂದ ಒದರಾಟವೂ ಇಲ್ಲ! ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ, ಕಸಬಿನವರನ್ನೂ ಕರೆಸಬಹುದು. ಬೇಳೆಯಲ್ಲಿ ಕಲ್ಲು ಆರಿಸುವುದು ಬೇಯಿಸುವ ಮುಂಚೆಯೋ, ಬಡಿಸಿದ ಮೇಲೋ? 2009ರಿಂದ 2014ರ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿಗೆ ಹೋದವು. 2019ರಿಂದ 2024ರಲ್ಲಿ ನೂರಕ್ಕೆ 16 ಮಾತ್ರ. ನ್ಯೂಜಿಲೆಂಡ್ ಎಂಬ ಪುಟ್ಟ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲ ಮಸೂದೆಗಳೂ ಸಮಿತಿಗೆ ಹೋಗುತ್ತವೆ, ಸಾಮಾನ್ಯ ಜನರೂ ಕಾಗದ ಬರೆದು ಅಭಿಪ್ರಾಯ ಹೇಳಬಹುದು. ಹೆಂಗಸರಿಗೆ ಮತದ ಹಕ್ಕನ್ನು 1893ರಲ್ಲಿ ಎಲ್ಲರಿಗಿಂತ ಮೊದಲು ಕೊಟ್ಟ ದೇಶವೂ ಅದೇ.

ಸಮಿತಿ ಎಂದರೆ ನಮ್ಮ ಚಿಕ್ಕೋಡಿಯ ನೆನಪೂ ಬರುತ್ತದೆ. ಬಿ. ಶಂಕರಾನಂದರು 1967ರಿಂದ ಏಳು ಸಲ ನಮ್ಮ ಕ್ಷೇತ್ರದಿಂದ ಗೆದ್ದವರು. ಬೋಫೋರ್ಸ್ ತೋಪಿನ ಖರೀದಿಯ ವಿಚಾರಣೆಗೆ 1987ರಲ್ಲಿ ಮಾಡಿದ ಜಂಟಿ ಸಮಿತಿಗೆ ಅವರೇ ಅಧ್ಯಕ್ಷರು. ವಿರೋಧ ಪಕ್ಷಗಳು ಆ ಸಮಿತಿಯಿಂದ ದೂರ ಉಳಿದವು. ವರದಿ ಬಂದರೂ ಅದರ ಮಾತನ್ನು ಅವರು ಒಪ್ಪಲಿಲ್ಲ. ಎರಡೂ ಕಡೆಯವರು ಕೂಡದ ಪಂಚಾಯ್ತಿಯ ತೀರ್ಪು ಓಣಿಯಲ್ಲಿ ನಿಲ್ಲುವುದಿಲ್ಲ, ದಿಲ್ಲಿಯಲ್ಲೂ ನಿಲ್ಲುವುದಿಲ್ಲ.

ಮೂರನೆಯದು, ವಿರೋಧ ಪಕ್ಷಕ್ಕೆ ಮಾತಾಡಲು ಅವರದೇ ದಿನ ಬೇಕು. ಬ್ರಿಟನ್ನಿನಲ್ಲಿ ಒಂದು ಅಧಿವೇಶನದಲ್ಲಿ 20 ದಿನ ವಿರೋಧ ಪಕ್ಷದವರಿಗೆ ಮೀಸಲು. ಆ ದಿನ ಏನು ಚರ್ಚೆ ಎಂಬುದನ್ನು ಅವರೇ ಹೇಳುತ್ತಾರೆ. ನಮ್ಮಲ್ಲಿ ಅಂಥ ಪಾಳಿ ಇಲ್ಲ, ಆದ್ದರಿಂದ ಫಲಕ ಹಿಡಿದು ಸಭಾಧ್ಯಕ್ಷರ ಮುಂದೆ ಬರುತ್ತಾರೆ. 2023ರ ಡಿಸೆಂಬರಿನಲ್ಲಿ ಎರಡೂ ಸಭೆ ಸೇರಿ 146 ಸದಸ್ಯರನ್ನು ಅಮಾನತು ಮಾಡಿದ್ದರು. ಮನೆಯಲ್ಲಿ ಕಿರಿಯ ಸೊಸೆಯ ಮಾತನ್ನು ಯಾರೂ ಕೇಳದಿದ್ದರೆ ಅವಳು ಪಾತ್ರೆ ಕುಕ್ಕುತ್ತಾಳೆ. ಪಾತ್ರೆ ಕುಕ್ಕುವುದು ಸರಿಯಲ್ಲ, ಆದರೆ ಅವಳನ್ನು ಹೊರಗೆ ಹಾಕುವ ಮುಂಚೆ ಒಂದು ಸಲ ಕೂಡಿಸಿ ಕೇಳಿದ್ದೆವೇ ಎಂದೂ ನೋಡಬೇಕಲ್ಲವೆ?

ನಾಲ್ಕನೆಯದು, ಆರಿಸಿ ಹೋದವರಿಗೆ ಬಾಯಿ ಬಿಡುವ ಸ್ವಾತಂತ್ರ್ಯ. 1985ರಲ್ಲಿ ಪಕ್ಷಾಂತರ ತಡೆಯುವ ಕಾನೂನು ಬಂತು. ಉದ್ದೇಶ ಒಳ್ಳೆಯದೇ, ದುಡ್ಡಿಗಾಗಿ ಪಕ್ಷ ಹಾರುವವರನ್ನು ನಿಲ್ಲಿಸಬೇಕಿತ್ತು. ಆದರೆ ಪಕ್ಷದ ಆಜ್ಞೆ ಮೀರಿ ಯಾವ ಮಸೂದೆಗೆ ಮತ ಹಾಕಿದರೂ ಸದಸ್ಯತ್ವ ಹೋಗಬಹುದು. ಸರಕಾರ ಉಳಿಯುವ ಬೀಳುವ ಪ್ರಶ್ನೆ ಬಂದಾಗ ಮಾತ್ರ ಈ ಕಟ್ಟು ಇರಲಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಹಾಗಾದರೆ ನಮ್ಮ ಭಾಗದ ಸದಸ್ಯರು ಯಾವ ಪಕ್ಷದವರೇ ಇರಲಿ, ಬೀಡಿಯ ವಿಷಯ ಬಂದಾಗ ನಿಪ್ಪಾಣಿಯ ಪರವಾಗಿ, ಕೃಷ್ಣೆಯ ಮಹಾಪೂರದ ವಿಷಯ ಬಂದಾಗ ಅಥಣಿ, ಕಾಗವಾಡ, ರಾಯಬಾಗದ ಪರವಾಗಿ ಹೆದರದೆ ಕೈ ಎತ್ತಬಹುದು.

ಐದನೆಯದು ನಮ್ಮದು, ಹೆಂಗಸರದು. 2024ರಲ್ಲಿ ಆರಿಸಿ ಬಂದ 543 ಜನರಲ್ಲಿ ಹೆಂಗಸರು 74. ಕರ್ನಾಟಕದ 28ರಲ್ಲಿ ಮೂವರು. ಆ ಮೂವರಲ್ಲಿ ಒಬ್ಬರು ನಮ್ಮ ಚಿಕ್ಕೋಡಿಯಿಂದ ಗೆದ್ದ ಪ್ರಿಯಾಂಕಾ ಜಾರಕಿಹೊಳಿ. ಅದಕ್ಕೂ ಮುಂಚೆ 1996ರಲ್ಲಿ ರತ್ನಮಾಲಾ ಸವಣೂರ ಅವರು ಶಂಕರಾನಂದರನ್ನೇ ಸೋಲಿಸಿ ಹೋಗಿ, ಕೇಂದ್ರದಲ್ಲಿ ರಾಜ್ಯ ಸಚಿವೆಯೂ ಆದರು. ನಡುವೆ 28 ವರ್ಷ! ಅದೇ 1996ರ ಸೆಪ್ಟೆಂಬರಿನಲ್ಲಿ ದೇವೇಗೌಡರ ಸರಕಾರ ಮಹಿಳೆಯರಿಗೆ ಮೂರರಲ್ಲೊಂದು ಸ್ಥಾನದ ಮಸೂದೆ ತಂದಿತು. 2010ರಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿ ಲೋಕಸಭೆಯಲ್ಲಿ ಬಿದ್ದುಹೋಯಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ 454 ಮತ ಪರ, 2 ವಿರುದ್ಧ, ರಾಜ್ಯಸಭೆಯಲ್ಲಿ 214 ಪರ, ಒಂದೂ ವಿರುದ್ಧವಿಲ್ಲ. ನೋಡಿರಿ, ಎಣಿಸಿದ ಮತ ಎಂದರೆ ಹೀಗೆ ಎದ್ದು ಕಾಣುತ್ತದೆ! ಆದರೆ ಮುಂದಿನ ಜನಗಣತಿ ಆಗಿ, ಕ್ಷೇತ್ರಗಳ ಮರುವಿಂಗಡಣೆ ಆದ ಮೇಲೆ ಜಾರಿ ಎಂದು ಆ ಕಾನೂನಿನಲ್ಲೇ ಬರೆದರು. ಊಟಕ್ಕೆ ಕರೆದು, ಎಲೆ ಹಾಕಿ, ಅನ್ನ ಇನ್ನೂ ಒಲೆಯ ಮೇಲಿದೆ ಎಂದ ಹಾಗಾಯಿತು.

ಇದರಲ್ಲಿ ದಿಲ್ಲಿಗಿಂತ ನಮ್ಮ ರಾಜ್ಯವೇ ಮುಂದು. 1983ರ ಕಾನೂನಿನಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಚುನಾವಣೆಯಾದಾಗ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಕೊಟ್ಟಿದ್ದರು. ದೇಶಕ್ಕೆಲ್ಲ ಮೂರರಲ್ಲೊಂದು ಎಂಬ ಸಂವಿಧಾನದ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಮೊದಮೊದಲು ಪಂಚಾಯ್ತಿಯಲ್ಲಿ ಹೆಂಡತಿಯ ಹೆಸರು, ಗಂಡನ ಕುರ್ಚಿ ಎಂದು ನಗುತ್ತಿದ್ದರು. ಹಾಗೆ ನಡೆಯುವ ಊರು ಇಂದಿಗೂ ಇವೆ. ಆದರೆ ನಳದ ನೀರು ಬರಲಿಲ್ಲವೆಂದು ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯೆಯರೂ ಇದ್ದಾರೆ. ರೊಟ್ಟಿ ಬಡಿಯುವುದನ್ನೂ ನಾವು ಮೊದಲ ದಿನವೇ ಕಲಿಯಲಿಲ್ಲವಲ್ಲ.

"ಇದೆಲ್ಲ ದೊಡ್ಡವರು ಮಾಡುವುದು, ನಾವೇನು ಮಾಡೋಣ?" ಎಂದು ಕೇಳುತ್ತೀರಿ. ನಮ್ಮ ಕೈಯಲ್ಲೂ ಕೆಲವು ಕೆಲಸ ಇವೆ.

ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರ ವರೆಗೆ ಪ್ರಶ್ನೋತ್ತರದ ವೇಳೆ. ಬಾಯಿಮಾತಿನ ಉತ್ತರಕ್ಕೆ ದಿನಕ್ಕೆ 20 ಪ್ರಶ್ನೆ, ಬರವಣಿಗೆಯ ಉತ್ತರಕ್ಕೆ 230. ಬರವಣಿಗೆಯ ಉತ್ತರ ಗದ್ದಲವಾದರೂ ಹಾಳಾಗುವುದಿಲ್ಲ, ದಾಖಲೆಯಾಗಿ ಉಳಿಯುತ್ತದೆ. ನಿಮ್ಮ ಊರಿನ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಇದನ್ನು ಸಭೆಯಲ್ಲಿ ಕೇಳಿರಿ ಎಂದು ನಮ್ಮ ಸಂಸದರಿಗೆ ಕಳಿಸಿರಿ. ಯಾರು ಎಷ್ಟು ಪ್ರಶ್ನೆ ಕೇಳಿದರು ಎಂಬುದು ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತದೆ, ಮಕ್ಕಳಿಂದ ತೆಗೆಸಿ ನೋಡಿರಿ. ಮತ ಕೇಳಲು ಬಂದವರಿಗೆ ಕುಂಕುಮ ಹಚ್ಚಿ ಚಹಾ ಕೊಡುವಾಗ, "ಎಷ್ಟು ದಿನ ಹೋಗಿದ್ರಿ, ನಮ್ಮ ಸಲುವಾಗಿ ಏನ ಕೇಳಿದ್ರಿ?" ಎಂದು ಕೇಳಲು ಭಿಡೆ ಬೇಡ. ಊರಿಗೆಲ್ಲ ಸಂಬಂಧಪಟ್ಟ ಅಹವಾಲಿದ್ದರೆ ಲೋಕಸಭೆಯ ಅರ್ಜಿಗಳ ಸಮಿತಿ ಎಂದೇ ಒಂದಿದೆ. ಕನ್ನಡದಲ್ಲಿ ಬರೆದರೆ ಜೊತೆಗೆ ಇಂಗ್ಲಿಷ್ ಅಥವಾ ಹಿಂದಿಯ ಅನುವಾದ ಇಟ್ಟು, ಸದಸ್ಯರೊಬ್ಬರ ಮೂಲಕ ಸಲ್ಲಿಸಬಹುದು.

ಮಾವಶಿಯ ಪ್ರಶ್ನೆಯನ್ನು ನಾನು ಬರೆದು ಕಳಿಸಿದ್ದೇನೆ. ಹಳೆಯ ಕಾರ್ಡು ಇದ್ದವರು ಏನು ಮಾಡಬೇಕು, ಸೆಸ್ಸು ನಿಂತ ಮೇಲೆ ವಿದ್ಯಾರ್ಥಿವೇತನಕ್ಕೆ ವರ್ಷಕ್ಕೆ ಎಷ್ಟು ಹಣ ಇಟ್ಟಿದ್ದಾರೆ, ಬೆಳಗಾವಿ ಜಿಲ್ಲೆಯಲ್ಲಿ ಎಷ್ಟು ಮಕ್ಕಳಿಗೆ ಮುಟ್ಟಿತು. ಮೂರೇ ಪ್ರಶ್ನೆ. ಉತ್ತರ ಬಂದರೆ ಇದೇ ಪುಟದಲ್ಲಿ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ.

ಇನ್ನು ನಮ್ಮ ಸಂಘದ ಮಾತು. ಮುಂದಿನ ತಿಂಗಳ ಸಭೆಯಲ್ಲಿ ಮೊದಲು ನಾನೇ ಎದ್ದು ನಿಂತು ತಪ್ಪು ಒಪ್ಪಿಕೊಂಡೆ. ಕಾಲು ನಡುಗುತ್ತಿದ್ದವು. ಠರಾವನ್ನು ಗಟ್ಟಿಯಾಗಿ ಓದಿದೆ. ಹಿಂದಿನ ಸಾಲಿನ ಮನೆಯವಳಿಗೆ ಮೊದಲು ಮಾತಾಡಲು ಹೇಳಿದೆವು. ಅವಳು ಎರಡೇ ಮಾತು ಆಡಿದಳು, "ನಾ ಮನ್ಯಾಗ ಕುಂತು ತಪ್ಪಿಸಿಲ್ರೀ. ಕೇಳಿದ್ರ ಹೇಳತಿದ್ದೆ." ಆಮೇಲೆ ಕೈ ಎತ್ತಿಸಿ ಎಣಿಸಿದೆವು. ದವಾಖಾನೆ, ಬಾಣಂತನ, ಸಾವು ಇಂಥ ಕಾರಣವಿದ್ದರೆ ಪಾಳಿ ಹೋಗಬಾರದು ಎಂದು ಹದಿನಾರು ಕೈ ಎದ್ದವು, ಮೂರು ಏಳಲಿಲ್ಲ. ಆ ಮೂವರ ಹೆಸರನ್ನೂ, ಅವರ ಕಾರಣವನ್ನೂ ವಹಿಯಲ್ಲಿ ಬರೆದೆ. ಹೊಸ ನಿಯಮ ಮಾಡಬೇಕಾದರೆ ಒಂದು ಸಭೆಯಲ್ಲಿ ಓದಬೇಕು, ಮುಂದಿನ ಸಭೆಯಲ್ಲಿ ಮತ ಹಾಕಬೇಕು ಎಂದೂ ಠರಾವು ಮಾಡಿದೆವು.

ಅವಳ ಪಾಳಿ ಅವಳಿಗೆ ತಿರುಗಿ ಸಿಕ್ಕಿತು. ಬೋರಮಾಳ ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ, ಮೂರು ತಿಂಗಳ ಕಂತು ಬಾಕಿ ಇದೆ. ಹಬ್ಬದ ದಿನ ಅವಳ ಬರಿಗೊರಳು ಕಂಡಾಗಲೆಲ್ಲ ಸರ್ವಾನುಮತ ಎಂದು ನಾನು ಬರೆದ ಆ ಶಬ್ದ ನೆನಪಾಗುತ್ತದೆ.

ನಿಮ್ಮ ಸಂಘಗಳಲ್ಲಿ ಠರಾವು ಹೇಗೆ ಪಾಸಾಗುತ್ತದೆ? ಹೂಂ ಅಂದವರನ್ನು ಎಣಿಸುತ್ತೀರಾ? ನನಗೆ ಬರೆಯಿರಿ. ಬೇಸಿಗೆ ಹತ್ತಿರ ಬಂತು, ಮುಂದಿನ ಸಂಚಿಕೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆಯ ಮಾತು.

ನಿಮ್ಮ ಸೋದರಿ,
ಚಿಕ್ಕೋಡಿಯಿಂದ